ಕಂಡ ಶೇರು, ಕೊಂಡ ಶೇರು

ಮೂಡಲಗಿಯ ದನದ ಸಂತೆಗೆ ಹೋದ ಒಕ್ಕಲಿಗನು ಹತ್ತು ಜೋಡಿ ಎತ್ತುಗಳ ಹಲ್ಲು ಹಿಡಿದು ನೋಡುವನು, ನಡಿಗೆ ನೋಡುವನು, ಬೆಲೆ ಕೇಳುವನು. ಸಂಜೆಗೆ ಒಂದು ಜೋಡಿಯನ್ನು ಹೊಡೆದುಕೊಂಡು ಬರುವನು, ಇಲ್ಲವೆ ಬರಿಗೈಯಿಂದ ಬರುವನು. ನೋಡಿದ ಹತ್ತು ಜೋಡಿಗಳೂ ತನ್ನವೆಂದು ಆತನು ಮನೆಯಲ್ಲಿ ಎಂದೂ ಹೇಳನು. ಶೇರುಗಳ ವಿಷಯದಲ್ಲಿ ಮಾತ್ರ ಸುಶಿಕ್ಷಿತರಾದ ನಮಗೆ ಈ ವಿವೇಕವು ಉಳಿಯದಿರುವುದು ಸೋಜಿಗವೇ ಸರಿ.

ಶೇರುಪೇಟೆಯು ಈಗ ಅಂಗೈಯಲ್ಲಿಯ ಫೋನಿನಲ್ಲಿಯೇ ತೆರೆಯುತ್ತದೆ. ಅಲ್ಲಿ ಎರಡು ಪಟ್ಟಿಗಳುಂಟು. ವಾಚ್‌ಲಿಸ್ಟ್ ಎಂಬುದು ನಾವು ಕಣ್ಣಿಟ್ಟ ಕಂಪನಿಗಳ ಪಟ್ಟಿ. ಅದರಲ್ಲಿ ಹೆಸರು ಸೇರಿಸಲು ಕಾಸೂ ಬೇಡ. ಪೋರ್ಟ್‌ಫೋಲಿಯೊ ಎಂಬುದು ಹಣ ಕೊಟ್ಟು ಕೊಂಡು, ಡಿಮ್ಯಾಟ್ ಖಾತೆಯಲ್ಲಿ ನಮ್ಮ ಹೆಸರಿಗೆ ಜಮೆಯಾದವುಗಳ ಪಟ್ಟಿ. ಲಾಭಾಂಶ ಬರುವುದೂ, ವಾರಸುದಾರರಿಗೆ ಸಲ್ಲುವುದೂ ಇದರಿಂದಲೇ. ನಮ್ಮ ಫೋನಿನ ಮೊದಲನೆಯ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರುಗಳಿವೆ, ಕೊಂಡದ್ದು ಮೂರೇ!

ಎರಡು ಪಟ್ಟಿಗಳಲ್ಲಿಯೂ ಅದೇ ಕೆಂಪು, ಅದೇ ಹಸಿರು. ಆದರೆ ಎಣಿಕೆ ಬೇರೆ. 200 ರೂಪಾಯಿಗೆ ಕೊಂಡ ಶೇರು ನಿನ್ನೆ 150ಕ್ಕೆ ಇಳಿದಿತ್ತು, ಇಂದು 156ಕ್ಕೆ ಏರಿತು ಎನ್ನೋಣ. ವಾಚ್‌ಲಿಸ್ಟು ಸಾಮಾನ್ಯವಾಗಿ ನಿನ್ನೆಯ ಬೆಲೆಯಿಂದ ಎಣಿಸಿ, ನೂರಕ್ಕೆ 4ರಂತೆ ಏರಿಕೆಯೆಂದು ಹಸಿರು ತೋರಿಸುವುದು. ಪೋರ್ಟ್‌ಫೋಲಿಯೊ ಕೊಂಡ ಬೆಲೆಯಿಂದ ಎಣಿಸಿ, ನೂರಕ್ಕೆ 22ರಂತೆ ನಷ್ಟವೆಂದು ಕೆಂಪು ತೋರಿಸುವುದು. ಮೊದಲನೆಯದನ್ನಷ್ಟೇ ನೋಡಿ ಮನೆಯಲ್ಲಿ ಪೇಢೆ ಹಂಚಿದವನ ಗತಿಯೇನು?

ನಮ್ಮ ಭಾಗಕ್ಕೆ ಶೇರುಗಳು ಹೊಸವಲ್ಲ. ಘಟಪ್ರಭೆಯ ನೀರಿನ ಬಲವನ್ನು ನಂಬಿ ಗೋಕಾಕ ಜಲಪಾತದ ಬಳಿ ಗಿರಣಿ ನಡೆಸಿದ ಕಂಪನಿಯು 1885ರಲ್ಲಿಯೇ ಹುಟ್ಟಿತು. ಗೋಕಾಕ ಟೆಕ್ಸ್‌ಟೈಲ್ಸ್ ಎಂಬ ಹೆಸರಿನಿಂದ ಅದು ಮುಂಬಯಿಯ ಶೇರುಪೇಟೆಯನ್ನೂ ಸೇರಿತು. ಜಲಪಾತಕ್ಕೆ ಹೋಗಿ ಗಿರಣಿಯನ್ನು ನೋಡಿ ಬಂದವರೆಲ್ಲ ಅದರ ಪಾಲುದಾರರಾದರೆ?

ಇದರ ಉಲ್ಟಾ ಸಂಗತಿಯೂ ಉಂಟು. ನಮಗೆ ಹೆಚ್ಚು ಚಿಂತೆಯಾಗುವುದು ಇದರ ಬಗ್ಗೆಯೇ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರಖಾನೆಯಲ್ಲಿ ಎಷ್ಟೋ ಮನೆತನಗಳ ಪಾಲುಗಳಿವೆ. ಸದಸ್ಯನಿಗೆ ಮತದ ಹಕ್ಕು ಕೊಡುವ ನಿಜವಾದ ಆಸ್ತಿಯದು. ಆದರೆ ಪೇಟೆಯಲ್ಲಿ ಅದರ ದರ ಕೂಗುವವರಿಲ್ಲವಾದುದರಿಂದ ಫೋನಿನ ಯಾವ ಪಟ್ಟಿಯಲ್ಲಿಯೂ ಅದು ಕಾಣದು. ಅಜ್ಜನ ಟ್ರಂಕಿನ ತಳದಲ್ಲಿ ಹಳೆಯ ಲಗ್ನಪತ್ರಿಕೆಗಳೊಡನೆ ಬಿದ್ದಿರುವುದು. ಅದರೊಡನೆ ಪೇಟೆಯ ಕಂಪನಿಯ ಕಾಗದದ ಶೇರುಪತ್ರ ಸಿಕ್ಕರೆ, ಅದನ್ನು ಮೊದಲು ಡಿಮ್ಯಾಟಿಗೆ ತಿರುಗಿಸಬೇಕು. 2019ರ ಏಪ್ರಿಲ್ 1ರಿಂದ ಕಾಗದದ ಶೇರನ್ನು ಮಾರಿ ಬೇರೊಬ್ಬರ ಹೆಸರಿಗೆ ಮಾಡಿಕೊಡಲು ಬರುವುದಿಲ್ಲ.

ಮನೆಯ ಯಜಮಾನನು ಹಠಾತ್ತಾಗಿ ತೀರಿಕೊಂಡನೆನ್ನೋಣ. ಆತನ ಹೆಂಡತಿಯು ಫೋನು ತೆರೆದು ಮೂವತ್ತು ಕಂಪನಿಗಳ ಹೆಸರು ಕಂಡು, ಮಕ್ಕಳ ಓದಿಗೆ ಆಧಾರವಾಯಿತೆಂದು ತಿಳಿಯುವಳು. ವಿಚಾರಿಸಿದರೆ ಅವೆಲ್ಲ ಕಣ್ಣಿಟ್ಟವು ಮಾತ್ರ! ನಿಜವಾಗಿ ಆಕೆಗೆ ಸಲ್ಲತಕ್ಕ ಪಾಲಿನ ಪತ್ರವು ಟ್ರಂಕಿನಲ್ಲಿದೆಯೆಂದು ಆಕೆಗೆ ಹೇಳಿದವರು ಯಾರು?

ಈ ಲೇಖನ ಬರೆಯುವ ಮುನ್ನ ನಾವು ನಮ್ಮ ಮನೆಯ ಟ್ರಂಕನ್ನು ಇಳಿಸಿದೆವು. ಸಹಕಾರಿ ಸಂಘದ ಎರಡು ಪತ್ರಗಳು ದೊರೆತವು. ಅವುಗಳ ಸಂಖ್ಯೆ, ಡಿಮ್ಯಾಟ್ ಖಾತೆಯ ಸಂಖ್ಯೆ, ನಾಮಿನಿಯ ಹೆಸರು, ಇಷ್ಟನ್ನೂ ಮನೆಯವರು ತಮ್ಮ ಹಾಲಿನ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ತಮ್ಮ ಕೈಯಿಂದಲೇ ಬರೆದುಕೊಂಡರು. ಇಪ್ಪತ್ತೆರಡು ಹೆಸರುಗಳ ಪಟ್ಟಿಯನ್ನೂ ಬರೆಯಲೇ ಎಂದು ಕೇಳಿದರು, ಬೇಡವೆಂದೆವು.