ನೌರು: ತನ್ನ ನೆಲವನ್ನೇ ಮಾರಿದ ದ್ವೀಪ

1899ರ ಸುಮಾರಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದ ಒಂದು ವ್ಯಾಪಾರ ಕಛೇರಿಯಲ್ಲಿ, ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಕಲ್ಲನ್ನು ಒತ್ತಾಗಿ ಇಟ್ಟಿದ್ದರು. ಕಂಪೆನಿಯ ನೌಕರನೊಬ್ಬನು ಶಾಂತಸಾಗರದ ದ್ವೀಪವೊಂದರಿಂದ ತಂದಿದ್ದ ಆ ಕಲ್ಲು, ಕಾಲಕ್ರಮದಲ್ಲಿ ಶಿಲೆಯಾಗಿ ಮಾರ್ಪಟ್ಟ ಮರದ ತುಂಡಿನಂತೆ ಕಾಣುತ್ತಿತ್ತು. ಎಲ್ಲರೂ ಹಾಗೆಂದೇ ನಂಬಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬ ತರುಣನಿಗೆ ಮಾತ್ರ ಸಂಶಯ ಹುಟ್ಟಿತು. ಅವನು ಚೂರೊಂದನ್ನು ಒಡೆದು ಆಮ್ಲದಿಂದ ಪರೀಕ್ಷಿಸಿದಾಗ, ಅದು ಮರವಲ್ಲ, ಬಹು ಶ್ರೇಷ್ಠ ದರ್ಜೆಯ ಫಾಸ್ಫೇಟು ಅದುರು ಎಂಬುದು ಹೊರಬಿದ್ದಿತು. ಆ ಕಲ್ಲು ಬಂದಿದ್ದ ದ್ವೀಪವೇ ನೌರು. ಅದರ ಮುಂದಿನ ನೂರು ವರ್ಷಗಳ ಚರಿತ್ರೆಯು ಆ ಬಾಗಿಲಿನ ಬಳಿಯೇ ಆರಂಭವಾಯಿತೆನ್ನಬಹುದು.

ಭೂಪಟದಲ್ಲಿ ನೌರುವನ್ನು ಹುಡುಕುವವರಿಗೆ ತಾಳ್ಮೆ ಬೇಕು. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಅರ್ಧ ಡಿಗ್ರಿಯಷ್ಟು ದೂರದಲ್ಲಿ, ಸುತ್ತಲೂ ಅಪಾರ ಜಲರಾಶಿಯ ನಡುವೆ, ಅದು ಒಂದು ಚುಕ್ಕೆಯಾಗಿದೆ. ಅತ್ಯಂತ ಸಮೀಪದ ನೆರೆಯೆನಿಸಿದ ಬನಾಬ ದ್ವೀಪವೇ ಪೂರ್ವಕ್ಕೆ ಸುಮಾರು 300 ಕಿಲೊಮೀಟರು ದೂರದಲ್ಲಿದೆ. ನೌರುವಿನ ವಿಸ್ತೀರ್ಣ 21 ಚದರ ಕಿಲೊಮೀಟರು. ಜನಸಂಖ್ಯೆ ಸುಮಾರು 12 ಸಾವಿರ. ದ್ವೀಪವನ್ನು ಸುತ್ತುವ ಒಂದೇ ರಸ್ತೆಯ ಉದ್ದ 19 ಕಿಲೊಮೀಟರು ಮಾತ್ರ. ಬೆಳಗ್ಗೆ ಕಾಲ್ನಡಿಗೆಯಲ್ಲಿ ಹೊರಟವನು ಮಧ್ಯಾಹ್ನದ ಊಟದ ವೇಳೆಗೆ ದೇಶವನ್ನೆಲ್ಲ ಪ್ರದಕ್ಷಿಣೆ ಮಾಡಿ ಹೊರಟ ಸ್ಥಳಕ್ಕೇ ಬಂದು ನಿಲ್ಲಬಹುದು. ಇಷ್ಟಿದ್ದರೂ ಇದು ಸ್ವತಂತ್ರ ಗಣರಾಜ್ಯ. 1999ರಿಂದ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರ.

ದ್ವೀಪದ ರಚನೆಯನ್ನು ಒಂದು ತಲೆಕೆಳಗಾದ ತಟ್ಟೆಗೆ ಹೋಲಿಸಬಹುದು. ಅಂಚಿನಲ್ಲಿ ಕೆಲವು ನೂರು ಮೀಟರು ಅಗಲದ ಫಲವತ್ತಾದ ಕಿರುಪಟ್ಟಿ. ತೆಂಗಿನ ಮರಗಳೂ ಮನೆಗಳೂ ಬಹುಮಟ್ಟಿಗೆ ಇಲ್ಲಿಯೇ ಇವೆ. ಅದರ ಹಿಂದೆ ಕಡಿದಾದ ಏರು. ಏರಿನ ಮೇಲೆ ಹವಳದ ಸುಣ್ಣಕಲ್ಲಿನ ಪ್ರಸ್ಥಭೂಮಿ. ಇದರ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ ಸುಮಾರು 70 ಮೀಟರು ಎತ್ತರದಲ್ಲಿದೆ, ಅಷ್ಟೆ. ನದಿಯಿಲ್ಲ, ಹೊಳೆಯಿಲ್ಲ, ಬುವಾಡ ಎಂಬ ಒಂದು ಸಣ್ಣ ಕೊಳವುಂಟು. ದಡದಿಂದ ಸ್ವಲ್ಪ ದೂರದಲ್ಲಿಯೇ ಸಮುದ್ರದ ತಳವು ಥಟ್ಟನೆ ಆಳಕ್ಕೆ ಇಳಿದುಬಿಡುವುದರಿಂದ ಸ್ವಾಭಾವಿಕ ಬಂದರು ಇಲ್ಲ. ಅದುರನ್ನು ತುಂಬುವುದಕ್ಕಾಗಿ, ದಡದಿಂದ ಸಮುದ್ರದ ಮೇಲಕ್ಕೆ ಚಾಚಿದ ಉಕ್ಕಿನ ತೋಳುಗಳನ್ನು ಕಟ್ಟಬೇಕಾಯಿತು.

ಈ ಚುಕ್ಕೆಯು ತನ್ನ ಆಕಾಶವನ್ನೂ ಸ್ವಲ್ಪಮಟ್ಟಿಗೆ ತಾನೇ ನಿರ್ಮಿಸಿಕೊಳ್ಳುತ್ತದೆ. ಹಗಲಿನಲ್ಲಿ ನೆಲವು ನೀರಿಗಿಂತ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರಿ ತಣಿದು ಮೋಡವಾಗುತ್ತದೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತವು ಆ ಮೋಡವನ್ನು ಪಶ್ಚಿಮಕ್ಕೆ ಎಳೆದುಕೊಂಡು ಹೋಗುತ್ತದೆ. ಕೃತಕ ಉಪಗ್ರಹಗಳ ಚಿತ್ರಗಳಲ್ಲಿ ದ್ವೀಪದಿಂದ ಹೊರಟ ಮೋಡದ ಬಾಲವು ನೂರು ಕಿಲೊಮೀಟರಿಗೂ ಮೀರಿ ಹಬ್ಬಿರುವುದು ಕಂಡುಬಂದಿದೆ. ಅಮೆರಿಕದ ವಿಜ್ಞಾನಿಗಳು 1998ರಿಂದ 2013ರವರೆಗೆ ಇಲ್ಲಿ ಸೂರ್ಯಕಿರಣ ಮತ್ತು ಮೋಡಗಳನ್ನು ಅಳೆಯುವ ಕೇಂದ್ರವೊಂದನ್ನು ನಡೆಸಿದರು. ವಿಶಾಲಸಾಗರದ ಮೇಲಣ ವಾಯುಮಂಡಲವನ್ನು ಅರಿಯುವುದು ಅವರ ಉದ್ದೇಶ. ಆದರೆ ಗಾಳಿಯ ಮರೆಯ ದಡದಲ್ಲಿದ್ದ ಅವರ ಉಪಕರಣಗಳು ಸಾಗರದ ಮೋಡಗಳ ಜೊತೆಗೆ ದ್ವೀಪವೇ ಹುಟ್ಟಿಸಿದ ಮೋಡಗಳನ್ನೂ ಅಳೆಯುತ್ತಿದ್ದುವು! ಅಳೆಯುವವನು ನಿಂತ ನೆಲವೇ ಅಳತೆಯನ್ನು ಕೆಡಿಸುವ ಇಂಥ ತೊಡಕು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ.

ಮೋಡವಿದ್ದ ಮಾತ್ರಕ್ಕೆ ಮಳೆಯಿರಬೇಕೆಂದಿಲ್ಲ. ಶಾಂತಸಾಗರದ ಬಿಸಿನೀರು ಪೂರ್ವಕ್ಕೆ ಸರಿಯುವ ಎಲ್ ನಿನ್ಯೊ ವರ್ಷಗಳಲ್ಲಿ ನೌರುವಿನಲ್ಲಿ ಮಳೆ ಧಾರಾಳ; ಅದು ಪಶ್ಚಿಮಕ್ಕೆ ಹಿಮ್ಮೆಟ್ಟುವ ಲಾ ನಿನ್ಯ ವರ್ಷಗಳಲ್ಲಿ ತಿಂಗಳುಗಟ್ಟಲೆ ಬರ. ಈಗ ಸಮುದ್ರದ ನೀರಿನಿಂದ ಉಪ್ಪನ್ನು ಬೇರ್ಪಡಿಸುವ ಯಂತ್ರಗಳೂ ಮನೆಮನೆಯ ಮಳೆನೀರಿನ ತೊಟ್ಟಿಗಳೂ ಜನರ ಬಾಯಾರಿಕೆಯನ್ನು ನೀಗಿಸುತ್ತಿವೆ.

ಇನ್ನು ಆ ಕಲ್ಲಿನ ವಿಚಾರ. ಕಡಲಹಕ್ಕಿಗಳ ಹಿಕ್ಕೆಯು ಯುಗಯುಗಾಂತರಗಳಿಂದ ಹವಳದ ಸುಣ್ಣಕಲ್ಲಿನ ಮೇಲೆ ಬಿದ್ದು, ಅದರೊಡನೆ ರಾಸಾಯನಿಕವಾಗಿ ಸೇರಿ ಈ ಫಾಸ್ಫೇಟು ಉಂಟಾಯಿತೆಂಬುದು ಸಾಮಾನ್ಯವಾಗಿ ಹೇಳುವ ವಿವರಣೆ. ರಂಜಕವಿಲ್ಲದೆ ಯಾವ ಬೆಳೆಯೂ ಬೆಳೆಯದು. ಅದುರನ್ನು ಪುಡಿಮಾಡಿ ಗಂಧಕಾಮ್ಲದೊಡನೆ ಬೆರೆಸಿದರೆ ನೀರಿನಲ್ಲಿ ಕರಗುವ ಸೂಪರ್ ಫಾಸ್ಫೇಟು ಗೊಬ್ಬರ ಸಿದ್ಧವಾಗುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳ ಹಳೆಯ, ಸವೆದ ಮಣ್ಣಿಗೆ ಇದು ಸಂಜೀವಿನಿಯಾಯಿತು. ಅಲ್ಲಿನ ಗೋಧಿ, ಕುರಿಯ ಉಣ್ಣೆ, ಬೆಣ್ಣೆಗಳಲ್ಲಿ ನೌರುವಿನ ನೆಲದ ಅಂಶವು ಸೇರಿಹೋಗಿದೆಯೆಂಬುದು ಕವಿಯ ಕಲ್ಪನೆಯಲ್ಲ, ರಸಾಯನವಿಜ್ಞಾನದ ಮಾತು. ದ್ರವ್ಯವು ನಾಶವಾಗದು, ಆದರೆ ಹೊಲಗಳಲ್ಲಿ ಹರಡಿಹೋದುದನ್ನು ಮತ್ತೆ ಕೂಡಿಸಿ ಹಿಂದಕ್ಕೆ ತರುವವರಾರು?

ಗಣಿಯ ಕೆಲಸ ಆರಂಭವಾಗಿ ಮೊದಲ ಅದುರು ಹಡಗನ್ನೇರಿದುದು 1907ರಲ್ಲಿ. ಆಗ ದ್ವೀಪವು ಜರ್ಮನರ ವಶದಲ್ಲಿತ್ತು. ಭೂಮಿಯ ಒಡೆಯರಿಗೆ ಟನ್ನಿಗೆ ಅರ್ಧ ಪೆನ್ನಿಯ ರಾಜಧನ ಸಲ್ಲುತ್ತಿತ್ತು. ಮೊದಲನೆಯ ಮಹಾಯುದ್ಧದ ಬಳಿಕ ರಾಷ್ಟ್ರಸಂಘವು ದ್ವೀಪದ ಹೊಣೆಯನ್ನು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಒಪ್ಪಿಸಿತು. ಗಣಿಯೂ ಆ ಮೂರು ಸರ್ಕಾರಗಳ ಫಾಸ್ಫೇಟು ಆಯೋಗದ ಕೈಸೇರಿತು. ಮಾರುಕಟ್ಟೆಯ ಧಾರಣೆಗಿಂತ ಅಗ್ಗವಾಗಿ ಗೊಬ್ಬರ ಪಡೆಯುವುದು ಆ ಸರ್ಕಾರಗಳ ನೀತಿ. ಕೊಳ್ಳುವವನೂ ಮಾರುವವನೂ ಒಬ್ಬನೇ ಆದಾಗ ಬೆಲೆ ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯ ಮಹಾಯುದ್ಧದ ಕಥೆ ಇನ್ನೂ ದಾರುಣವಾದುದು. 1932ರಲ್ಲಿ ನೌರು ಜನರ ಸಂಖ್ಯೆ 1,500ನ್ನು ಮುಟ್ಟಿದಾಗ, ಒಂದು ಜನಾಂಗವು ಅಳಿಯದೆ ಉಳಿಯಲು ಬೇಕಾದ ಕನಿಷ್ಠ ಸಂಖ್ಯೆ ಅದೆಂದು ಭಾವಿಸಿ ಜನರು ಉತ್ಸವ ನಡೆಸಿದ್ದರು. ಅಕ್ಟೋಬರ್ 26ರ ಆ ಹಬ್ಬಕ್ಕೆ ‘ಅಂಗಾಂ’ ಎಂದು ಹೆಸರು. ಇಂದಿಗೂ ಅದನ್ನು ಆಚರಿಸುತ್ತಾರೆ. ಹತ್ತು ವರ್ಷಗಳ ತರುವಾಯ ಜಪಾನೀಯರು ದ್ವೀಪವನ್ನು ಹಿಡಿದರು. 1943ರಲ್ಲಿ 1,200 ಮಂದಿ ನೌರು ಜನರನ್ನು ದೂರದ ಟ್ರಕ್ ದ್ವೀಪಗಳಿಗೆ ಸಾಗಿಸಿ ದುಡಿಸಿದರು. 1946ರ ಜನವರಿ 31ರಂದು ತಾಯ್ನೆಲಕ್ಕೆ ಮರಳಿ ಬಂದವರು 737 ಮಂದಿ ಮಾತ್ರ.

ಅದುರು ಮುಗಿದ ಮೇಲೆ ಈ ಜನರ ಗತಿಯೇನು ಎಂಬ ಪ್ರಶ್ನೆಯು 1960ರ ದಶಕದಲ್ಲಿ ತೀವ್ರವಾಯಿತು. ಎಲ್ಲರನ್ನೂ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರಿಸುವ ಸಲಹೆ ಬಂದಿತು. ಮನೆ, ಭೂಮಿ, ಆಸ್ಟ್ರೇಲಿಯಾದ ಪೌರತ್ವ ಎಲ್ಲವೂ ದೊರೆಯುವಂತಿತ್ತು. ಸ್ವಂತ ರಾಷ್ಟ್ರವೆಂಬುದೊಂದು ಮಾತ್ರ ಇಲ್ಲ. ಮುಖಂಡ ಹ್ಯಾಮರ್ ಡಿರೋಬರ್ಟ್ ಮತ್ತು ಅವನ ಜನರು 1964ರಲ್ಲಿ ಇದನ್ನು ತಿರಸ್ಕರಿಸಿದರು. ಅಗೆದು ಹಾಳಾದರೂ ನಮ್ಮದೇ ನೆಲದಲ್ಲಿ ನಾವಾಗಿಯೇ ಇರುವೆವೆಂಬುದು ಅವರ ನಿರ್ಧಾರ. ಅಂಥ ಆಯ್ಕೆ ಎದುರಾದಾಗ ಬೇರೆ ಯಾರಾದರೂ ಇಷ್ಟು ದೃಢವಾಗಿ ನಿಲ್ಲುತ್ತಿದ್ದರೇ ಎಂದು ನಾವು ಅನೇಕ ಸಲ ಯೋಚಿಸಿದ್ದೇವೆ. 1968ರಲ್ಲಿ ನೌರು ಸ್ವತಂತ್ರವಾಯಿತು. ಆರಿಸಿಕೊಂಡ ದಿನ ಜನವರಿ 31; ಟ್ರಕ್‌ನಿಂದ ಮರಳಿದವರು ದಡ ಮುಟ್ಟಿದ ದಿನ.

ಸ್ವತಂತ್ರ ನೌರುವಿನ ಶಾಸನಸಭೆಯಲ್ಲಿ ಈಗ 19 ಮಂದಿ ಸದಸ್ಯರಿದ್ದಾರೆ. ಅವಧಿ ಮೂರು ವರ್ಷ. ಸದಸ್ಯರು ತಮ್ಮೊಳಗೊಬ್ಬನನ್ನು ಅಧ್ಯಕ್ಷನನ್ನಾಗಿ ಆರಿಸುತ್ತಾರೆ. ರಾಷ್ಟ್ರದ ಮುಖ್ಯಸ್ಥನೂ ಸರ್ಕಾರದ ಮುಖ್ಯಸ್ಥನೂ ಅವನೇ. ವಿಧ್ಯುಕ್ತವಾದ ರಾಜಧಾನಿಯಿಲ್ಲ, ಸರ್ಕಾರಿ ಕಛೇರಿಗಳು ಯಾರೆನ್ ಎಂಬ ಜಿಲ್ಲೆಯಲ್ಲಿವೆ. ಬಲವಾದ ಪಕ್ಷಗಳಿಲ್ಲದ ಕಾರಣ ಇಬ್ಬರು ಮೂವರು ಮನಸ್ಸು ಬದಲಿಸಿದರೆ ಸರ್ಕಾರವೇ ಉರುಳುವುದುಂಟು. ಗಣಿತಪ್ರಿಯರಿಗೆ ಸ್ವಾರಸ್ಯವಾಗಿ ತೋರುವುದು ಅಲ್ಲಿನ ಮತದಾನ. 1971ರಲ್ಲಿ ಡೆಸ್ಮಂಡ್ ಡೌಡಲ್ ಎಂಬ ಅಧಿಕಾರಿ ರೂಪಿಸಿದ ಈ ಪದ್ಧತಿಯಲ್ಲಿ ಮತದಾರನು ಉಮೇದುವಾರರೆಲ್ಲರನ್ನೂ ಕ್ರಮವಾಗಿ ಹೆಸರಿಸಬೇಕು. ಮೊದಲನೆಯವನಿಗೆ 1, ಎರಡನೆಯವನಿಗೆ ½, ಮೂರನೆಯವನಿಗೆ ⅓, ಹೀಗೆ ಅಂಕಗಳು. ಅರವತ್ತು ಮಂದಿ ಎರಡನೆಯ ಸ್ಥಾನ ಕೊಟ್ಟವನೂ ಮೂವತ್ತು ಮಂದಿ ಮೊದಲ ಸ್ಥಾನ ಕೊಟ್ಟವನೂ ಸಮಾನರು. ತಂತಿವಾದ್ಯದ ಉಪಸ್ವರಗಳನ್ನು ಪಾಠ ಹೇಳುವಾಗ ನಾವು ಕಪ್ಪುಹಲಗೆಯ ಮೇಲೆ ಬರೆಯುವ ಶ್ರೇಣಿಯು ಅಲ್ಲಿ ಸರ್ಕಾರವನ್ನು ನಿರ್ಮಿಸುತ್ತಿದೆ!

1970ರಲ್ಲಿ ಗಣಿಯು ನೌರು ಜನರ ಕೈಗೆ ಬಂದಿತು. ಫಾಸ್ಫೇಟಿನ ಬೆಲೆಯೂ ಏರಿತು. ತಲಾ ವರಮಾನದಲ್ಲಿ ಈ ದ್ವೀಪವು ಜಗತ್ತಿನ ಅತಿ ಶ್ರೀಮಂತ ರಾಷ್ಟ್ರಗಳ ಸಾಲಿಗೆ ಸೇರಿತು. ಅದುರು ಮುಗಿದ ದಿನಕ್ಕೆಂದು ಒಂದು ನಿಧಿಯನ್ನೂ ಕೂಡಿಟ್ಟರು. ಯೋಜನೆ ತಪ್ಪಾಗಿರಲಿಲ್ಲ, ನಡೆಸಿದ ಬಗೆ ತಪ್ಪಿತು. ಮೆಲ್ಬರ್ನ್ ನಗರದಲ್ಲಿ 1977ರಲ್ಲಿ 52 ಅಂತಸ್ತುಗಳ ‘ನೌರು ಹೌಸ್’ ಎದ್ದಿತು. ಸ್ವಂತ ವಿಮಾನಗಳು ಹಾರಿದುವು. 1993ರಲ್ಲಿ ಲಂಡನ್ನಿನ ಸಂಗೀತ ನಾಟಕವೊಂದಕ್ಕೂ ಹಣ ಸುರಿದು ಕಳೆದುಕೊಂಡರು. ಅದೇ ವರ್ಷ ಒಂದು ಸಮಾಧಾನವೂ ದೊರೆಯಿತು: ಸ್ವಾತಂತ್ರ್ಯಕ್ಕೆ ಮುಂಚೆ ಹಾಳುಮಾಡಿದ ನೆಲಕ್ಕಾಗಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1989ರಲ್ಲಿ ನೌರು ಹೂಡಿದ್ದ ದಾವೆಯು ರಾಜಿಯಾಗಿ, ಆಸ್ಟ್ರೇಲಿಯಾ 107 ಮಿಲಿಯ ಡಾಲರು ಕೊಡಲೊಪ್ಪಿತು. ಆದರೆ ಅದುರು ತೀರುತ್ತ ಬಂದಂತೆ ಸಾಲ ಬೆಳೆಯಿತು. 2004ರಲ್ಲಿ ನೌರು ಹೌಸ್ ಮಾರಾಟವಾಯಿತು. 2005ರ ಡಿಸೆಂಬರಿನಲ್ಲಿ ಉಳಿದಿದ್ದ ಒಂದೇ ವಿಮಾನವನ್ನು ಸಾಲಗಾರರು ಕೊಂಡೊಯ್ದರು.

ನಮ್ಮ ದೃಷ್ಟಿಯಲ್ಲಿ ಇಲ್ಲಿನ ಮೂಲ ದೋಷವು ದುಂದುಗಾರಿಕೆಗಿಂತ ಆಳವಾದುದು. ಕೆರೆಗೆ ಹರಿದುಬರುವ ನೀರೂ ಕೆರೆಯಲ್ಲಿ ನಿಂತ ನೀರೂ ಬೇರೆ ಬೇರೆ. ಅದುರು ಮಾರಿ ಬಂದ ಹಣವು ಆದಾಯವಲ್ಲ, ಕರಗುತ್ತಿರುವ ಬಂಡವಾಳ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದನ್ನು ಆದಾಯವೆಂದು ಬರೆದಿದ್ದರು. ಈ ತಪ್ಪನ್ನು ಮೊದಲು ಮಾಡಿದವರು ನೌರು ಜನರಲ್ಲವೆಂಬುದನ್ನೂ ಹೇಳಬೇಕು.

ಆ ಬಳಿಕ ನೌರು ತನ್ನಲ್ಲಿ ಉಳಿದುದನ್ನು ಬಾಡಿಗೆಗೆ ಕೊಟ್ಟು ಬದುಕಲು ಕಲಿಯಿತು. ಹೆಸರಿಗೆ ಮಾತ್ರ ಇರುವ ನೂರಾರು ಬ್ಯಾಂಕುಗಳಿಗೆ ಪರವಾನಗಿ ಕೊಟ್ಟಿತು. ಅನ್ಯರಾಷ್ಟ್ರಗಳ ಒತ್ತಾಯದಿಂದ ಅದು ನಿಂತಿತು. 2001ರಿಂದ 2008ರವರೆಗೆ, ಮತ್ತೆ 2012ರಿಂದ, ಆಸ್ಟ್ರೇಲಿಯಾಕ್ಕೆ ದೋಣಿಗಳಲ್ಲಿ ಬಂದ ಆಶ್ರಯಾರ್ಥಿಗಳನ್ನು ಹಣಕ್ಕೆ ಪ್ರತಿಯಾಗಿ ಇಲ್ಲಿ ಇರಿಸಿಕೊಂಡಿತು. ಅವರ ಪಾಡಿನ ಬಗ್ಗೆ ಜಗತ್ತಿನ ಟೀಕೆಗೂ ಗುರಿಯಾಯಿತು. ಇದ್ದುದರಲ್ಲಿ ನೆಮ್ಮದಿಯ ಆದಾಯ ಮೀನಿನದು. ನೆಲ 21 ಚದರ ಕಿಲೊಮೀಟರಾದರೂ, ನೌರುವಿನ ಹಕ್ಕಿನ ಸಮುದ್ರ ಮೂರು ಲಕ್ಷ ಚದರ ಕಿಲೊಮೀಟರಿಗೂ ಮಿಕ್ಕಿದೆ. 1982ರಲ್ಲಿ ನೆರೆಯ ದ್ವೀಪರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ‘ನೌರು ಒಪ್ಪಂದ’ವೆಂದೇ ಹೆಸರು. ಅದರ ಆಧಾರದ ಮೇಲೆ, ಟ್ಯೂನ ಮೀನು ಹಿಡಿಯಲು ಬರುವ ಪರದೇಶದ ಹಡಗುಗಳಿಂದ ದಿನಕ್ಕಿಷ್ಟೆಂದು ಶುಲ್ಕ ಪಡೆಯುತ್ತಾರೆ. ಈ ಮೀನುಗಳೂ ಬಿಸಿನೀರನ್ನು ಹಿಂಬಾಲಿಸಿ ವರ್ಷ ವರ್ಷವೂ ಎಡೆ ಬದಲಿಸುವುವು. ಸಾಗರತಳದ ನಿಕಲ್, ಕೋಬಾಲ್ಟ್ ಗಂಟುಗಳನ್ನು ಎತ್ತುವ ಕಂಪೆನಿಯೊಂದಕ್ಕೂ ನೌರು ಪ್ರಾಯೋಜಕನಾಗಿದೆ. ಒಮ್ಮೆ ಗಣಿಯಿಂದ ನೊಂದವರು ಮತ್ತೆ ಗಣಿಗೇ ಕೈಯೊಡ್ಡಿರುವರಲ್ಲ ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭ.

ಇತ್ತ ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲ ಗಣಿಗೆ ತುತ್ತಾಗಿದೆ. ಅದುರನ್ನು ಬಗೆದ ಮೇಲೆ ಉಳಿದುದು ಆಳೆತ್ತರಕ್ಕೂ ಮೀರಿದ ಬೂದುಬಣ್ಣದ ಸುಣ್ಣಕಲ್ಲಿನ ಕಂಬಗಳ ಕಾಡು. ಮೇಲೇರುತ್ತಿರುವ ಸಮುದ್ರವು ಜನರು ವಾಸಿಸುವ ತೀರದ ಪಟ್ಟಿಯನ್ನು ಬೆದರಿಸುತ್ತಿರುವುದರಿಂದ, ಮನೆಗಳನ್ನೂ ಕಟ್ಟಡಗಳನ್ನೂ ಈ ಪ್ರಸ್ಥಭೂಮಿಗೆ ಸಾಗಿಸುವ ಯೋಜನೆಯನ್ನು ಸರ್ಕಾರವು ಹಾಕಿಕೊಂಡಿದೆ. ಅದಕ್ಕೆ ಬೇಕಾದ ಹಣಕ್ಕಾಗಿ 2025ರಲ್ಲಿ ಪರದೇಶೀಯರಿಗೆ ನೌರುವಿನ ಪೌರತ್ವವನ್ನು ಮಾರಲು ಆರಂಭಿಸಿತು. ಆಗ ಗೊತ್ತುಮಾಡಿದ ಬೆಲೆ ತಲೆಗೆ 1,05,000 ಅಮೆರಿಕನ್ ಡಾಲರು. ಮೇಲಿನ ನೆಲ ಕುಟುಂಬಗಳ ಸ್ವತ್ತಾದುದರಿಂದ ಮೊದಲು ಅವರ ಒಪ್ಪಿಗೆ ಬೇಕು. ಬಳಿಕ ಕಂಬಗಳನ್ನು ಕಡಿದು ಸಮಮಾಡಬೇಕು. ಅದರ ಮೇಲೆ ಮಣ್ಣು ಹರಡಬೇಕು.