ಒಂದು ಪ್ರತಿ ಇದ್ದಿದ್ದರೆ!

ಕಳೆದ ಮಳೆಗಾಲದ ಮಾತು. ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಇನ್ನು ಎರಡೇ ದಿನ ಉಳಿದಿತ್ತು. ರಾತ್ರಿಯ ಗುಡುಗು ಸಿಡಿಲಿನ ಬಳಿಕ ನಮ್ಮ ಶಾಲೆಯ ವೈಫೈ ನಿಂತುಹೋಯಿತು. ಗೋಡೆಯಲ್ಲಿದ್ದ ಆಕ್ಸೆಸ್ ಪಾಯಿಂಟ್ ಎಂಬ ಪೆಟ್ಟಿಗೆಯ ಸಣ್ಣ ತೂತಿಗೆ ಗುಂಡುಸೂಜಿ ತೂರಿಸಿ, ಹತ್ತು ಸೆಕೆಂಡು ಒತ್ತಿ ಹಿಡಿದೆವು. ದೀಪವೇನೋ ಹೊತ್ತಿತು, ಆದರೆ ಪೆಟ್ಟಿಗೆ ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳಿತ್ತು. ವೈಫೈಯ ಹೆಸರು, ಪಾಸ್‌ವರ್ಡ್, ಕಚೇರಿಗೊಂದು ಮಕ್ಕಳಿಗೊಂದು ಎಂದು ಮಾಡಿದ್ದ ಏರ್ಪಾಡು ಎಲ್ಲವೂ ಅಳಿಸಿಹೋಗಿತ್ತು. ಅದನ್ನೆಲ್ಲ ಜೋಡಿಸಿಕೊಟ್ಟಿದ್ದ ಯುವಕ ಊರು ಬಿಟ್ಟು ವರ್ಷವಾಗಿತ್ತು. ಮಕ್ಕಳನ್ನು ಪೇಟೆಗೆ ಕರೆದೊಯ್ದು ಅರ್ಜಿ ಹಾಕಿಸಿದೆವು. ಆದರೂ ಇಬ್ಬರದು ತಪ್ಪಿಯೇ ಹೋಯಿತು.

ಆಗ ನಮಗೆ ನೆನಪಾದದ್ದು ಗುಮ್ಮಳಾಪುರ. ಹೊಸೂರಿನ ಕಡೆಯ ಈ ಊರು ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ನಮ್ಮ ಕಾಸರಗೋಡಿನಂತೆಯೇ ಗಡಿಯಾಚೆ ಉಳಿದ ಕನ್ನಡದ ನೆಲ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಮೂರನೆಯದು ಗುಮ್ಮಳಾಪುರದ ಸಿದ್ಧಲಿಂಗದೇವರದು. ತಾಳೆಗರಿಗೆ ಹುಳ, ತೇವ, ಬೆಂಕಿಯ ಭಯ ಇದ್ದದ್ದೇ. ಗರಿ ಹಾಳಾಗುವ ಮೊದಲೇ ಇನ್ನೊಂದು ಗರಿಗೆ ಪ್ರತಿ ಮಾಡಿಟ್ಟವರ ಪುಣ್ಯದಿಂದ ಅಂಥ ಗ್ರಂಥಗಳು ನಮ್ಮವರೆಗೆ ಬಂದವು. ನಮ್ಮ ಪುಟ್ಟ ಪೆಟ್ಟಿಗೆಗೂ ಬೇಕಾದದ್ದು ಅದೇ ಬುದ್ಧಿ.

ಕೆಲಸ ಕಷ್ಟದ್ದಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ಕಂಪ್ಯೂಟರಿನ ಬ್ರೌಸರಿನಲ್ಲಿ ಪೆಟ್ಟಿಗೆಯ ವಿಳಾಸ ಬರೆಯಬೇಕು. ಹಲವು ಪೆಟ್ಟಿಗೆಗಳಿಗೆ ಅದು 192.168.0.1 ಅಥವಾ 192.168.1.1, ಸಾಮಾನ್ಯವಾಗಿ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಒಳಹೊಕ್ಕು 'ಸಿಸ್ಟಮ್' ಅಥವಾ ಅಂಥದೇ ಹೆಸರಿನ ಪುಟದಲ್ಲಿ 'ಬ್ಯಾಕಪ್' ಒತ್ತಿದರೆ ಸಣ್ಣದೊಂದು ಫೈಲು ಇಳಿದು ಬರುತ್ತದೆ. ಅದೇ ನಮ್ಮ ಪ್ರತಿ.

ಮುಂದೆ ಪೆಟ್ಟಿಗೆ ಎಲ್ಲವನ್ನೂ ಮರೆತರೆ, ವೈಫೈಯನ್ನು ನಂಬದೆ ಕಂಪ್ಯೂಟರನ್ನು ಕೇಬಲಿನಿಂದಲೇ ಜೋಡಿಸಿ, ಅದೇ ಪುಟದಲ್ಲಿ ಈ ಫೈಲನ್ನು ಆರಿಸಿ 'ರಿಸ್ಟೋರ್' ಒತ್ತಬೇಕು. ಪೆಟ್ಟಿಗೆ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಕೆಲವು ನಿಮಿಷ ಕರೆಂಟು ತೆಗೆಯಬಾರದು. ಬಳಿಕ ಒಳಹೋಗಲು ಹಳೆಯ ಪಾಸ್‌ವರ್ಡೇ ಬೇಕಾದೀತು, ಅದನ್ನೂ ಬರೆದಿಟ್ಟಿರಬೇಕು.

ಮೂರು ಎಚ್ಚರಿಕೆ. ಒಂದು ಮಾದರಿಯ ಫೈಲು ಸಾಮಾನ್ಯವಾಗಿ ಇನ್ನೊಂದು ಮಾದರಿಗೆ ಹಿಡಿಸದು. ಏರ್ಪಾಡು ಬದಲಿಸಿದಾಗ ಅಥವಾ ಪೆಟ್ಟಿಗೆಯ ಫರ್ಮ್‌ವೇರ್ ಹೊಸದಾದಾಗ ಪ್ರತಿಯೂ ಹೊಸದಾಗಬೇಕು. ಈ ಫೈಲಿನೊಳಗೆ ಪಾಸ್‌ವರ್ಡುಗಳು ಇರುವುದರಿಂದ ಅದು ಕಂಡಕಂಡವರ ಕೈಗೆ ಸಿಗಬಾರದು. ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟರೆ ಫೈಲು ಅದನ್ನು ಬದುಕಿಸದು. ಅದೇ ಮಾದರಿಯ ಹೊಸದನ್ನು ತಂದಾಗ ಮಾತ್ರ ಕೆಲಸಕ್ಕೆ ಬಂದೀತು. ಆದ್ದರಿಂದ ಮೋಡ ಕಟ್ಟಿದಾಗ ಪ್ಲಗ್ಗನ್ನೂ ಕೇಬಲನ್ನೂ ಕಿತ್ತಿಡುವುದೇ ಲೇಸು.

ಈಗ ನಮ್ಮ ಶಾಲೆಯ ಬೀರುವಿನಲ್ಲಿ ಒಂದು ಪೆನ್‌ಡ್ರೈವ್ ಇದೆ, ಜತೆಗೆ ಕನ್ನಡದಲ್ಲೇ ಬರೆದ ಒಂದು ಹಾಳೆ. ಇನ್ನೊಂದು ಪ್ರತಿ ಬೇರೆ ಕಡೆ ಇದೆ. ನಾಳೆ ನಾವು ವರ್ಗವಾಗಿ ಹೋದರೂ ಮುಂದೆ ಬರುವ ಮಾಸ್ತರರು ಅದನ್ನು ಓದಿ ಕೆಲಸ ನಡೆಸಬಹುದು. ತಪ್ಪಿದ ಆ ಎರಡು ಅರ್ಜಿಗಳು ಮಾತ್ರ ಮರಳಿ ಬರಲಾರವು.