ಆಕಾಶಯಾನದ ಕೀರ್ತಿಯೂ ಅದರ ಹಿಂದಿನ ಅಭ್ಯಾಸವೂ

ಸಾಹಸಕಾರ್ಯವೊಂದು ನಡೆದೊಡನೆ ಲೋಕವು ಅದನ್ನು ಹಾಡಿಗೂ ಕುಣಿತಕ್ಕೂ ಅಳವಡಿಸಿಕೊಳ್ಳುವುದು ವಾಡಿಕೆ. 1927ನೆಯ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗನು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಒಬ್ಬನೇ, ಎಲ್ಲಿಯೂ ಇಳಿಯದೆ, 33½ ಗಂಟೆಗಳಲ್ಲಿ ಹಾರಿದನು. ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಹುಟ್ಟಿದ ‘ಲಿಂಡಿ ಹಾಪ್’ ಎಂಬ ನೃತ್ಯಕ್ಕೆ ಅವನಿಂದಲೇ ಹೆಸರು ಬಂದಿತೆಂದು ಹೇಳುವರು. ಮುಂದೆ ‘ಸ್ವಿಂಗ್’ ಎಂಬ ವಾದ್ಯಮೇಳದ ಸಂಗೀತದೊಡನೆ ಈ ನೃತ್ಯವು ದೂರದೂರಕ್ಕೆ ಹಬ್ಬಿತು. 1930ರಲ್ಲಿ ಆಮಿ ಜಾನ್ಸನ್ ಎಂಬ ತರುಣಿಯು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿದಾಗಲೂ ಆಕೆಯ ಹೆಸರಿನ ಹಾಡು ಗ್ರಾಮಾಫೋನಿನಲ್ಲಿ ಮೊಳಗಿತು.

ಆ ಹಾಡಿಗಿಂತ ಆಕೆಯ ಅಭ್ಯಾಸವು ನಮಗೆ ಹೆಚ್ಚು ಬೋಧಪ್ರದವಾಗಿದೆ. ಆಕೆ ಲಂಡನ್ನಿನ ವಕೀಲರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದವಳು. ಹಾರಾಟದೊಡನೆ ಎಂಜಿನಿನ ಕೆಲಸವನ್ನೂ ಕಲಿತು, 1929ರಲ್ಲಿ ವಿಮಾನ ದುರಸ್ತಿಯ ಪರವಾನಗಿಯನ್ನು ಪಡೆದಳು. ಬ್ರಿಟಿಷ್ ಸ್ತ್ರೀಯರಲ್ಲಿ ಅದನ್ನು ಪಡೆದವರಲ್ಲಿ ಆಕೆಯೇ ಮೊದಲಿಗಳು. ವಿಮಾನವನ್ನು ಕೊಳ್ಳಲು ತಂದೆಯೂ ಹಣವಿತ್ತನು. ಮೇ 5ರಂದು ಹೊರಟು ಕರಾಚಿ, ಝಾನ್ಸಿ, ಕಲ್ಕತ್ತೆಗಳನ್ನು ಹಾದು ರಂಗೂನಿನ ಬಳಿ ಇಳಿಯುವಾಗ ವಿಮಾನವು ಹಳ್ಳಕ್ಕೆ ನುಗ್ಗಿ ಮುರಿಯಿತು. ಜೊತೆಯಲ್ಲಿ ತಂದಿದ್ದ ಇನ್ನೊಂದು ಪ್ರೊಪೆಲ್ಲರನ್ನು ಜೋಡಿಸಿ, ಸ್ಥಳದವರ ನೆರವಿನಿಂದ ಉಳಿದುದನ್ನು ಸರಿಪಡಿಸಿಕೊಂಡು, 24ರಂದು ಡಾರ್ವಿನ್ ಪಟ್ಟಣವನ್ನು ಮುಟ್ಟಿದಳು.

ಇಂತಹುದೇ ಸಾಹಸವೊಂದು ನಮ್ಮ ದೇವನಹಳ್ಳಿಯಲ್ಲಿಯೂ ಸಂದಿದೆ. ಅಲ್ಲಿಯ ವಿಮಾನನಿಲ್ದಾಣವು 2008ರ ಮೇ 24ರಂದು ತೆರೆಯಿತು. 2021ರ ಜನವರಿ 11ರ ನಸುಕಿನಲ್ಲಿ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳಾ ವೈಮಾನಿಕರು ಸಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಎಲ್ಲಿಯೂ ನಿಲ್ಲಿಸದೆ, ಉತ್ತರ ಧ್ರುವದ ಮೇಲಣ ಮಾರ್ಗವಾಗಿ, 17 ಗಂಟೆಗೂ ಮಿಕ್ಕಿದ ಕಾಲದಲ್ಲಿ ಇಲ್ಲಿಗೆ ತಂದರು. ಎರಡು ನಗರಗಳಿಗೂ ಇರುವ ಅಂತರ ಸುಮಾರು 14,000 ಕಿಲೋಮೀಟರು.

ಧ್ರುವದ ದಾರಿಯೇಕೆಂದು ಕೇಳಬಹುದು. ಶಾಲೆಯ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಹಿಡಿದು ನೋಡಿರಿ. ಅದು ಧ್ರುವದ ಸಮೀಪಕ್ಕೇ ಹೋಗುವುದು. ಆದರೆ ಅಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬಲಾಗದು. ಇಂಧನವು ಚಳಿಗೆ ಹೆಪ್ಪುಗಟ್ಟದಂತೆ ಎಚ್ಚರವಿರಬೇಕು. ಆಪತ್ತಿನಲ್ಲಿ ಇಳಿಯಲು ನಿಲ್ದಾಣಗಳು ವಿರಳ. ಇಲ್ಲಿ ಧೈರ್ಯವೊಂದೇ ಸಾಲದು. ಗಣಿತವೂ ಭೂಗೋಳಶಾಸ್ತ್ರವೂ ಬೇಕು.

ಆದುದರಿಂದ ತಂದೆತಾಯಿಗಳಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಮನೆಯ ಹುಡುಗಿಯು ಹೊಲಿಗೆಯ ಯಂತ್ರವನ್ನೋ ಸೈಕಲ್ಲನ್ನೋ ಬಿಚ್ಚಿ ನೋಡಲು ಬಯಸಿದರೆ, ‘ಹೆಣ್ಣುಮಕ್ಕಳಿಗೇಕೆ ಈ ಕೆಲಸ’ ಎಂದು ಗದರಿಸದಿರಿ. ಲೆಕ್ಕದಲ್ಲಿ ಆಕೆ ಹಿಂದುಳಿದರೆ ಪಾಠವನ್ನು ಬಿಡಿಸದೆ ಮತ್ತೊಮ್ಮೆ ಹೇಳಿಸಿರಿ. ಮದುವೆಗೆಂದು ಕೂಡಿಡುವ ಹಣದಲ್ಲಿ ಒಂದು ಪಾಲನ್ನಾದರೂ ಆಕೆಯ ವಿದ್ಯೆಗೆ ಮೀಸಲಿಡಿರಿ.